ಎದುರಾಳಿ ಊರಿನ ಪತ್ರಿಕೆ ಓದಿ ಬರೆದ ಕ್ಲಬ್ ಚರಿತ್ರೆ

ಇಂಗ್ಲೆಂಡಿನ ಸಣ್ಣ ಪಟ್ಟಣವೊಂದರ ಅರೆವೃತ್ತಿಪರ ಫುಟ್‌ಬಾಲ್ ಕ್ಲಬ್ಬಿನ ಚರಿತ್ರೆ ಬರೆಯಲು ಕೂತವರು ಮೊದಲು ಕೈಹಾಕುವುದು ಕ್ಲಬ್ಬಿನ ಕಪಾಟಿಗೆ. ಅಲ್ಲಿ ಟ್ರೋಫಿಗಳು, ಚೌಕಟ್ಟು ಹಾಕಿದ ತಂಡದ ಚಿತ್ರಗಳು, ಯಾವುದೋ ವಾರ್ಷಿಕೋತ್ಸವಕ್ಕೆ ಅಚ್ಚು ಹಾಕಿಸಿದ ತೆಳು ಪುಸ್ತಿಕೆ ಇರುತ್ತವೆ. ಆ ಪುಸ್ತಿಕೆಯನ್ನು ಅದಕ್ಕಿಂತ ಹಳೆಯ ಪುಸ್ತಿಕೆ ನೋಡಿ ಬರೆದಿರುತ್ತಾರೆ, ಅದನ್ನು ಇನ್ನೂ ಹಳೆಯದನ್ನು ನೋಡಿ. ಒಂದು ತಪ್ಪು ಇಸವಿ ಹೀಗೆ ಮೂರು ತಲೆಮಾರು ದಾಟಿ ಕೊನೆಗೆ ಜೆರ್ಸಿಯ ಲಾಂಛನದ ಮೇಲೂ ಕೂತಿರುತ್ತದೆ. ಅದಕ್ಕೇ ನಾನು ಕಪಾಟನ್ನು ಕೊನೆಗೆ ಇಟ್ಟುಕೊಂಡೆ. ಮೊದಲು ಆಡಿದ ಪ್ರತಿ ಪಂದ್ಯದ ಪಟ್ಟಿ, ಆಮೇಲೆ ಲೆಕ್ಕದ ಪುಸ್ತಕ, ಆಮೇಲೆ ಜನರ ಮಾತು, ಎಲ್ಲ ಮುಗಿದ ಮೇಲೆ ಕಪಾಟು. ಪಟ್ಟಿಯ ಪ್ರತಿ ಸಾಲಿಗೂ ಎರಡು ಊರಿನ ಸಾಕ್ಷಿ ಬೇಕು ಅನ್ನುವುದು ನಾನು ಹಾಕಿಕೊಂಡ ಕಟ್ಟುಪಾಡು: ಒಂದು ನಮ್ಮ ಊರಿನ ಪತ್ರಿಕೆ, ಇನ್ನೊಂದು ಎದುರಾಳಿ ಊರಿನದ್ದು.

ಪಟ್ಟಿಗೆ ಸಾಧಾರಣ ಎಕ್ಸೆಲ್ ಶೀಟ್ ಸಾಕು. ಒಂದು ಪಂದ್ಯಕ್ಕೆ ಒಂದೇ ಸಾಲು. ಅಂಕಣಗಳು ಇಷ್ಟು: ದಿನಾಂಕ, ಟೂರ್ನಿ, ಸುತ್ತು, ತವರೋ ಹೊರಗೋ ತಟಸ್ಥ ಮೈದಾನವೋ, ಎದುರಾಳಿ, ವಿರಾಮದ ಹೊತ್ತಿನ ಸ್ಕೋರು, ಕೊನೆಯ ಸ್ಕೋರು, ಪ್ರೇಕ್ಷಕರ ಸಂಖ್ಯೆ, ಗೇಟ್ ಹಣ (ಪ್ರವೇಶ ದರದಿಂದ ಬಂದದ್ದು), ಹನ್ನೊಂದು ಆಟಗಾರರಿಗೆ ಹನ್ನೊಂದು ಅಂಕಣ, ಬದಲಿ ಆಟಗಾರರು, ಗೋಲು ಹೊಡೆದವರು, ಮೊದಲ ಆಧಾರ, ಎರಡನೆಯ ಆಧಾರ. ಗೇಟ್ ಹಣಕ್ಕೂ ಪ್ರೇಕ್ಷಕರ ಸಂಖ್ಯೆಗೂ ಬೇರೆ ಬೇರೆ ಅಂಕಣ ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ. ಆಟಗಾರರ ಹೆಸರನ್ನು ಅಲ್ಲಿ ನೇರವಾಗಿ ಬರೆಯಬಾರದು. ಇನ್ನೊಂದು ಶೀಟಿನಲ್ಲಿ ಪ್ರತಿ ಆಟಗಾರನಿಗೂ ಒಂದು ಸಂಖ್ಯೆ ಕೊಟ್ಟು, ಪಂದ್ಯದ ಸಾಲಿನಲ್ಲಿ ಆ ಸಂಖ್ಯೆಯನ್ನೇ ತುಂಬಬೇಕು. ಹತ್ತು ವರ್ಷಗಳ ಪಂದ್ಯ ತುಂಬಿದ ಮೇಲೆ 'ಸ್ಮಿತ್' ಅನ್ನುವುದು ಒಬ್ಬನಲ್ಲ, ಮೂವರು ಅಂತ ಗೊತ್ತಾದರೆ, ಹೆಸರು ಬರೆದುಕೊಂಡವರು ಎಲ್ಲ ಸಾಲುಗಳನ್ನೂ ಮತ್ತೆ ತೆರೆಯಬೇಕಾಗುತ್ತದೆ. ಸಂಖ್ಯೆ ಕೊಟ್ಟವರಿಗೆ ಬೇರ್ಪಡಿಸುವ ಕೆಲಸ ಮಾತ್ರ.

ದಿನಾಂಕ ಸುಲಭದ ಕೆಲಸ ಅನ್ನಿಸುತ್ತದೆ. ಆದರೆ ಅತಿ ಹೆಚ್ಚು ತಪ್ಪು ನುಸುಳುವುದು ಅಲ್ಲೇ. ಸಣ್ಣ ಊರಿನ ಪತ್ರಿಕೆ ವಾರಕ್ಕೊಮ್ಮೆ ಬರುವಂಥದ್ದು, ಬಹುತೇಕ ಶುಕ್ರವಾರ. 1926ರ ಅಕ್ಟೋಬರ್ 15ರ ಶುಕ್ರವಾರದ ಸಂಚಿಕೆಯಲ್ಲಿ 'ಕಳೆದ ಶನಿವಾರ' ಅಂದರೆ ಅಕ್ಟೋಬರ್ 9. ಅದೇ ಪುಟದಲ್ಲಿ ಮರುದಿನ, ಅಂದರೆ 16ರಂದು, ಆಡಬೇಕಾದ ಪಂದ್ಯದ ಮುನ್ಸೂಚನೆಯೂ ಇರುತ್ತದೆ. ಡಿಜಿಟಲ್ ಸಂಗ್ರಹದಲ್ಲಿ ಹುಡುಕಿದಾಗ ಎರಡೂ 15ನೇ ತಾರೀಖಿನ ಹೆಸರಿನಲ್ಲೇ ಬಂದು ನಿಲ್ಲುತ್ತವೆ. ಮುನ್ಸೂಚನೆಯನ್ನು ನಡೆದ ಪಂದ್ಯ ಅಂದುಕೊಂಡರೆ, ಮಂಜು ಮುಸುಕಿ ರದ್ದಾದ ಪಂದ್ಯಕ್ಕೂ ಒಂದು ಸಾಲು ಹುಟ್ಟಿಬಿಡುತ್ತದೆ. ಹಾಗಾಗಿ ನಡೆದ ಪಂದ್ಯ ಅನ್ನುವುದಕ್ಕೆ ಸ್ಕೋರು ಇರುವ ವರದಿಯೇ ಬೇಕು, ವೇಳಾಪಟ್ಟಿ ಸಾಲದು. ಕ್ರಿಸ್‌ಮಸ್ ವಾರ ಇನ್ನೂ ಗೋಜಲು. 1950ರ ದಶಕದವರೆಗೂ ಡಿಸೆಂಬರ್ 25ರಂದು ಪಂದ್ಯ ಆಡುವುದು ಇಂಗ್ಲೆಂಡಿನಲ್ಲಿ ಮಾಮೂಲಿಯಾಗಿತ್ತು. 25ಕ್ಕೆ ಒಂದು ಊರಿನಲ್ಲಿ, 26ಕ್ಕೆ ಅದೇ ಎದುರಾಳಿಯ ಜೊತೆ ಇನ್ನೊಂದು ಊರಿನಲ್ಲಿ. ಪತ್ರಿಕೆ ಎರಡನ್ನೂ ಒಂದೇ ವರದಿಯಲ್ಲಿ ಸೇರಿಸಿ ಬರೆಯುತ್ತದೆ, ಯಾವ ಸ್ಕೋರು ಯಾವ ದಿನದ್ದು ಅನ್ನುವುದು ಅದಲುಬದಲಾಗುತ್ತದೆ. ಈಸ್ಟರ್ ವಾರವೂ ಹಾಗೆಯೇ: ಗುಡ್ ಫ್ರೈಡೇ, ಶನಿವಾರ, ಸೋಮವಾರ, ನಾಲ್ಕು ದಿನದಲ್ಲಿ ಮೂರು ಪಂದ್ಯ. ಇಂಥ ಕಡೆ ಎರಡನೇ ಊರಿನ ಪತ್ರಿಕೆ ನೋಡದೆ ಸಾಲು ತುಂಬಲೇಬಾರದು.

ಎದುರಾಳಿ ಊರಿನ ಪತ್ರಿಕೆಯಿಂದ ಇನ್ನೂ ಒಂದು ಲಾಭವಿದೆ. ನಮ್ಮ ಊರಿನ ವರದಿಗಾರ ಬಹುತೇಕ ಕ್ಲಬ್ಬಿನ ಕಾರ್ಯದರ್ಶಿಯೇ ಆಗಿರುತ್ತಿದ್ದ, ಅಥವಾ ಅವನ ಸ್ನೇಹಿತ. ತವರಿನಲ್ಲಿ 5-0 ಗೆದ್ದರೆ ಎರಡು ಅಂಕಣ, ಹೊರಗೆ 0-7 ಸೋತರೆ ಮೂರು ಸಾಲು, ಅದರಲ್ಲೂ ಗಾಳಿ ವಿರುದ್ಧವಿತ್ತು ಅನ್ನುವ ವಿವರಣೆ. ಆ 0-7ರ ನಿಜವಾದ ವರದಿ ಗೆದ್ದವರ ಊರಿನ ಪತ್ರಿಕೆಯಲ್ಲಿ ಸಿಗುತ್ತದೆ. ನಮ್ಮ ತಂಡದಲ್ಲಿ ಒಂಬತ್ತೇ ಜನ ಇದ್ದರು, ರೈಲು ತಪ್ಪಿ ಇಬ್ಬರು ವಿರಾಮದ ಮೇಲೆ ಬಂದರು ಅನ್ನುವಂಥ ಸಂಗತಿಗಳು ಅಲ್ಲಿಯೇ ದೊರೆಯುವುದು. ಹಳೆಯ ಪತ್ರಿಕೆಗಳ ಅಂತರ್ಜಾಲ ಸಂಗ್ರಹವಾದ ಬ್ರಿಟಿಷ್ ನ್ಯೂಸ್‌ಪೇಪರ್ ಆರ್ಕೈವ್ 2011ರಲ್ಲಿ ಶುರುವಾದ ಮೇಲೆ ಈ ಕೆಲಸದ ಬಹುಪಾಲು ಮನೆಯಲ್ಲೇ ಕೂತು ಮಾಡಬಹುದು. ಆದರೆ ಅಲ್ಲಿ ಹುಡುಕುವ ಬಗೆ ತಿಳಿದಿರಬೇಕು. ಕ್ಲಬ್ಬಿನ ಹೆಸರಿನಲ್ಲಿರುವ 'ಟೌನ್', 'ಯುನೈಟೆಡ್', 'ಅಥ್ಲೆಟಿಕ್' ಹಾಕಿ ಹುಡುಕಿದರೆ ಸಾವಿರಾರು ಫಲಿತಾಂಶ ಬಂದು ಬೀಳುತ್ತವೆ. ಆಟಗಾರನ ಹೆಸರು ಹಾಕಿದರೆ ಏನೂ ಬಾರದೆ ಹೋಗಬಹುದು, ಯಾಕೆಂದರೆ ಮಾಸಿದ ಅಚ್ಚನ್ನು ಕಂಪ್ಯೂಟರ್ ತಪ್ಪಾಗಿ ಓದಿರುತ್ತದೆ, ಸಾಲಿನ ಕೊನೆಯಲ್ಲಿ ಮುರಿದ ಹೆಸರು ಎರಡು ತುಂಡಾಗಿರುತ್ತದೆ. ಎದುರಾಳಿಯ ಊರಿನ ಹೆಸರು, ಜೊತೆಗೆ ಮೈದಾನದ ಹೆಸರು, ಒಂದೇ ವಾರದ ಮಿತಿ: ಈ ಮೂರನ್ನೂ ಸೇರಿಸಿ ಹುಡುಕುವುದೇ ಸರಿಯಾದ ದಾರಿ. ಅಷ್ಟಕ್ಕೂ ಸಿಗದಿದ್ದರೆ ಹುಡುಕುವುದನ್ನು ಬಿಟ್ಟು, ಆ ಸಂಚಿಕೆಯ ಕ್ರೀಡಾ ಪುಟವನ್ನು ತೆರೆದು ಕಣ್ಣಲ್ಲೇ ಓದಬೇಕು. ಅದು ಪ್ರತಿ ವಾರವೂ ಹೆಚ್ಚುಕಡಿಮೆ ಅದೇ ಪುಟ ಸಂಖ್ಯೆಯಲ್ಲಿರುತ್ತದೆ.

ಡಿಜಿಟಲ್ ಆಗದ ಪತ್ರಿಕೆಗಳು ಕೌಂಟಿಯ ದಾಖಲೆ ಕಚೇರಿಯಲ್ಲೋ ಊರಿನ ಗ್ರಂಥಾಲಯದಲ್ಲೋ ಮೈಕ್ರೋಫಿಲ್ಮ್ ಸುರುಳಿಗಳಾಗಿ ಇರುತ್ತವೆ. ರಾಷ್ಟ್ರೀಯ ಸಂಗ್ರಹದಲ್ಲಿ ಇಲ್ಲ ಅಂದ ಮಾತ್ರಕ್ಕೆ ಎಲ್ಲೂ ಇಲ್ಲ ಅಂತಲ್ಲ. ಲಂಡನ್ನಿನ ಕಾಲಿಂಡೇಲ್‌ನಲ್ಲಿದ್ದ ಪತ್ರಿಕಾ ಭಂಡಾರದ ಮೇಲೆ 1940ರ ಅಕ್ಟೋಬರಿನಲ್ಲಿ ಬಾಂಬು ಬಿದ್ದು ಸಾವಿರಾರು ಸಂಪುಟಗಳು ನಾಶವಾದವು. ಅವುಗಳಲ್ಲಿ ಹೆಚ್ಚಿನವು ಪ್ರಾಂತೀಯ ಪತ್ರಿಕೆಗಳೇ. ಅವುಗಳಲ್ಲಿ ಕೆಲವಕ್ಕೆ ಊರಿನ ಗ್ರಂಥಾಲಯದ ಪ್ರತಿ ಉಳಿದಿರುತ್ತದೆ. ಸುರುಳಿಯಿಂದ ಫೋನಿನಲ್ಲಿ ಚಿತ್ರ ತೆಗೆಯುವಾಗ ಫೈಲಿನ ಹೆಸರನ್ನು ವರ್ಷ-ತಿಂಗಳು-ದಿನ, ಪತ್ರಿಕೆ, ಪುಟ ಅನ್ನುವ ಕ್ರಮದಲ್ಲೇ ಕೊಡಬೇಕು. 1926-10-15 ಅಂತ ಶುರುವಾದರೆ ಸಾವಿರಾರು ಚಿತ್ರಗಳು ತಾವಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತವೆ. 15-10-1926 ಅಂತ ಶುರುವಾದರೆ ಎಲ್ಲ ವರ್ಷಗಳ 15ನೇ ತಾರೀಖುಗಳೂ ಒಂದೆಡೆ ಗುಂಪುಗೂಡುತ್ತವೆ.

ಶನಿವಾರ ಸಂಜೆ ಬರುತ್ತಿದ್ದ ಕ್ರೀಡಾ ಸಂಚಿಕೆಗಳ ವಿಷಯ ಬೇರೆ. ಹಸಿರು, ಗುಲಾಬಿ ಬಣ್ಣದ ಕಾಗದದಲ್ಲಿ ಅಚ್ಚಾಗಿ, ಪಂದ್ಯ ಮುಗಿದ ಒಂದೆರಡು ಗಂಟೆಯಲ್ಲಿ ಬೀದಿಗೆ ಬರುತ್ತಿದ್ದ ಅವುಗಳಲ್ಲಿ ಮೊದಲಾರ್ಧದ ವಿವರ ಧಾರಾಳವಾಗಿ ಸಿಗುತ್ತದೆ. ವರದಿಗಾರ ಫೋನಿನಲ್ಲಿ ಹೇಳುತ್ತಾ ಹೋದದ್ದನ್ನು ಅಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದರು. ಕೊನೆಯ ಹತ್ತು ನಿಮಿಷದ ಗೋಲು ಎಷ್ಟೋ ಸಲ ಬಿಟ್ಟುಹೋಗಿರುತ್ತದೆ, ಗೋಲು ಹೊಡೆದವನ ಹೆಸರು ಫೋನಿನಲ್ಲಿ ಕೇಳಿಸಿದಂತೆ ಇರುತ್ತದೆ. ಸ್ಕೋರಿಗೆ ಅದನ್ನು ಒಂಟಿ ಆಧಾರವಾಗಿ ಎಂದೂ ಇಟ್ಟುಕೊಳ್ಳಬಾರದು. ಪಂದ್ಯದ ದಿನ ಮೈದಾನದಲ್ಲಿ ಮಾರುತ್ತಿದ್ದ ಪ್ರೋಗ್ರಾಂ ಪುಸ್ತಿಕೆ ಅದಕ್ಕಿಂತ ಅಪಾಯ. ಅದು ಪಂದ್ಯಕ್ಕೆ ಎರಡು ಮೂರು ದಿನ ಮೊದಲು ಅಚ್ಚಾದದ್ದು, ಅದರಲ್ಲಿರುವುದು ಆಡಬೇಕೆಂದುಕೊಂಡ ತಂಡ, ಆಡಿದ ತಂಡವಲ್ಲ. ಆದರೆ ಯಾರಾದರೂ ಪೆನ್ಸಿಲಿನಲ್ಲಿ ಹೆಸರು ಹೊಡೆದುಹಾಕಿ ಬದಲಾವಣೆ ಬರೆದುಕೊಂಡ ಪ್ರೋಗ್ರಾಂ ಸಿಕ್ಕರೆ ಅದಕ್ಕೆ ಬಹಳ ಬೆಲೆ ಕೊಡುತ್ತೇನೆ. ಸಂಗ್ರಹಕಾರರು ಗೀಚಿಲ್ಲದ ಪ್ರತಿಯನ್ನೇ ಹುಡುಕುತ್ತಾರೆ, ಚರಿತ್ರೆಗೆ ಬೇಕಾದದ್ದು ಗೀಚಿದ ಪ್ರತಿ.

ಹಳೆಯ ವರದಿಗಳಲ್ಲಿ ತಂಡವನ್ನು ಬರೆಯುವುದಕ್ಕೆ ಒಂದು ಕಟ್ಟು ಇದೆ. ಮೊದಲು ಗೋಲ್‌ಕೀಪರ್, ಅರ್ಧವಿರಾಮ ಚಿಹ್ನೆ (;), ಇಬ್ಬರು ಬ್ಯಾಕ್‌ಗಳು, ಅರ್ಧವಿರಾಮ, ಮೂವರು ಹಾಫ್‌ಬ್ಯಾಕ್‌ಗಳು, ಅರ್ಧವಿರಾಮ, ಐವರು ಫಾರ್ವರ್ಡ್‌ಗಳು. ಪ್ರತಿ ಗುಂಪಿನಲ್ಲೂ ಬಲದಿಂದ ಎಡಕ್ಕೆ. ಹೀಗಾಗಿ ಬರೀ ಹೆಸರುಗಳ ಸಾಲಿನಿಂದಲೇ ಯಾರು ಬಲಬದಿಯ ಅಂಚಿನಲ್ಲಿ ಆಡಿದ, ಯಾರು ಸೆಂಟರ್ ಫಾರ್ವರ್ಡ್ ಅನ್ನುವುದು ತಿಳಿಯುತ್ತದೆ. ಜೆರ್ಸಿಗೆ ಅಂಕಿ ಹಾಕುವುದು ದೊಡ್ಡ ವೃತ್ತಿಪರ ಕ್ಲಬ್ಬುಗಳ ಫುಟ್‌ಬಾಲ್ ಲೀಗ್‌ನಲ್ಲಿ ಕಡ್ಡಾಯವಾದದ್ದೇ 1939ರಲ್ಲಿ. ಅದಕ್ಕೂ ಹಿಂದಿನ ಕಾಲಕ್ಕೆ ಈ ಸಾಲೇ ನಮ್ಮ ಅಂಕಿ. 1925ರಲ್ಲಿ ಆಫ್‌ಸೈಡ್ ನಿಯಮ ಬದಲಾದ ಮೇಲೆ ಸೆಂಟರ್ ಹಾಫ್ ಹಿಂದೆ ಸರಿದು ಮೂರನೇ ಬ್ಯಾಕ್ ಆದ. ಆದರೂ ಪತ್ರಿಕೆಗಳು ದಶಕಗಟ್ಟಲೆ ಹಳೆಯ 2-3-5 ಕಟ್ಟಿನಲ್ಲೇ ಬರೆದವು. ಆದ್ದರಿಂದ ಅಚ್ಚಾದ ಸಾಲು ನೋಡಿ ತಂಡದ ಆಟದ ಶೈಲಿಯ ಬಗ್ಗೆ ಮಾತಾಡಬಾರದು.

ಅದೇ ಸಾಲಿನಲ್ಲಿ 'ಎ. ಎನ್. ಅದರ್' ಅನ್ನುವ ಆಟಗಾರ ಆಗಾಗ ಕಾಣಿಸಿಕೊಳ್ಳುತ್ತಾನೆ. ಹೆಸರು ಗೊತ್ತಿಲ್ಲದ, ಇನ್ನೂ ಗೊತ್ತುಮಾಡದ ಅಥವಾ ಹೇಳಬಾರದ ಆಟಗಾರನಿಗೆ ಇಟ್ಟ ಹೆಸರು ಅದು. ಅವನಿಗೆ ಒಂದೇ ಸಂಖ್ಯೆ ಕೊಟ್ಟರೆ ಇಪ್ಪತ್ತು ವರ್ಷ ಎಲ್ಲ ಸ್ಥಾನಗಳಲ್ಲೂ ಆಡಿದ ಮಹಾನ್ ಆಟಗಾರನೊಬ್ಬ ತಯಾರಾಗುತ್ತಾನೆ. ಅಣ್ಣತಮ್ಮಂದಿರ ಸಮಸ್ಯೆ ಇದಕ್ಕಿಂತ ಕಷ್ಟ. ಗಣಿ ಊರು, ಗಿರಣಿ ಊರುಗಳಲ್ಲಿ ಒಂದೇ ಮನೆಯ ಮೂವರು ಒಂದೇ ಕ್ಲಬ್ಬಿಗೆ ಆಡುವುದು ಸಾಮಾನ್ಯವಾಗಿತ್ತು, ಪತ್ರಿಕೆ ಮಾತ್ರ ಮನೆತನದ ಹೆಸರನ್ನಷ್ಟೇ ಬರೆಯುತ್ತಿತ್ತು. ಇಲ್ಲಿ ಜನಗಣತಿ ಸಹಾಯಕ್ಕೆ ಬರುತ್ತದೆ. 1911ರದ್ದು, 2022ರಲ್ಲಿ ಬಿಡುಗಡೆಯಾದ 1921ರದ್ದು, ಆಮೇಲೆ ಯುದ್ಧ ಶುರುವಾದಾಗ ಜನರ ಹೆಸರು ಬರೆದುಕೊಂಡ 1939ರ ರಿಜಿಸ್ಟರ್. ನಡುವೆ 1931ರದ್ದು ಬೆಂಕಿಗೆ ಆಹುತಿಯಾಯಿತು, 1941ರಲ್ಲಿ ಯುದ್ಧದಿಂದಾಗಿ ಗಣತಿಯೇ ಆಗಲಿಲ್ಲ. ಹೀಗಾಗಿ 1920ರ ದಶಕದ ಕೊನೆಯಲ್ಲಿ ಬಂದು 30ರ ನಡುವೆ ಹೋದ ಆಟಗಾರನನ್ನು ಗುರುತಿಸುವುದು ಎಲ್ಲರಿಗಿಂತ ಕಷ್ಟ. ಅಂಥವರಿಗೆ ಮದುವೆ, ಶವಸಂಸ್ಕಾರದ ಸುದ್ದಿಗಳೇ ಗತಿ. 'ಸ್ಥಳೀಯ ತಂಡದ ಹೆಸರಾಂತ ಬ್ಯಾಕ್' ಅನ್ನುವ ಒಂದು ಸಾಲು ವರನ ಪೂರ್ತಿ ಹೆಸರನ್ನು ಕೊಟ್ಟುಬಿಡುತ್ತದೆ. ಮೊದಲ ಮಹಾಯುದ್ಧದಲ್ಲಿ ಸತ್ತವರಿಗೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ದಾಖಲೆ ಇದೆ. ಆದರೆ ಬರೀ ಹೆಸರು ಹೊಂದಿತು ಅಂತ ಆಟಗಾರನನ್ನು ಯುದ್ಧದಲ್ಲಿ ಸತ್ತವರ ಪಟ್ಟಿಗೆ ಸೇರಿಸಬಾರದು. ಊರು, ವಯಸ್ಸು, ಮನೆಯವರು, ಇವುಗಳಲ್ಲಿ ಎರಡಾದರೂ ಕೂಡಿಬರಬೇಕು.

ಒಂದು ಋತು ತುಂಬಿದ ಕೂಡಲೇ ಲೀಗ್ ಪಟ್ಟಿಯನ್ನು ಕೂಡಿ ನೋಡುತ್ತೇನೆ. ಪತ್ರಿಕೆಯಲ್ಲಿ ಅಚ್ಚಾದ ಕೊನೆಯ ಪಟ್ಟಿಯಲ್ಲಿ ತಪ್ಪಿಲ್ಲದಿರುವುದೇ ಅಪರೂಪ. ಹದಿನಾರು ತಂಡದ ಲೀಗ್ ಅಂದರೆ ಒಟ್ಟು 240 ಪಂದ್ಯ, ಪ್ರತಿ ತಂಡಕ್ಕೆ 30. ಎಲ್ಲ ತಂಡಗಳ ಗೆಲುವು ಕೂಡಿದರೆ ಎಲ್ಲರ ಸೋಲಿಗೆ ಸಮವಾಗಬೇಕು. ಡ್ರಾಗಳ ಮೊತ್ತ ಸಮಸಂಖ್ಯೆ ಆಗಲೇಬೇಕು. ಹೊಡೆದ ಗೋಲುಗಳ ಮೊತ್ತ, ಬಿಟ್ಟುಕೊಟ್ಟ ಗೋಲುಗಳ ಮೊತ್ತ ಒಂದೇ ಆಗಬೇಕು. ಗೆಲುವಿಗೆ ಎರಡು ಅಂಕದ ಕಾಲದಲ್ಲಿ ಎಲ್ಲರ ಅಂಕ ಕೂಡಿದರೆ 480. ಅದು 478 ಬಂದರೆ ಅನರ್ಹ ಆಟಗಾರನನ್ನು ಇಳಿಸಿದ್ದಕ್ಕೆ ಯಾರಿಗೋ ಎರಡು ಅಂಕ ಕಡಿದಿದ್ದಾರೆ, ಇಲ್ಲವೇ ಒಂದು ಪಂದ್ಯ ಆಡದೇ ಉಳಿದಿದೆ. 230 ಪಂದ್ಯವೇ ಲೆಕ್ಕಕ್ಕೆ ಸಿಕ್ಕರೆ ಕೊನೆಯ ವಾರದ ಫಲಿತಾಂಶಗಳು ಸೇರುವ ಮೊದಲೇ ಪಟ್ಟಿ ಅಚ್ಚಾಗಿದೆ, ಮುಂದಿನ ಎರಡು ಮೂರು ಸಂಚಿಕೆ ನೋಡಬೇಕು. ಗೆಲುವಿಗೆ ಮೂರು ಅಂಕ ಬಂದದ್ದು ಎಲ್ಲ ಕಡೆ ಒಂದೇ ವರ್ಷವಲ್ಲ. ಸಣ್ಣ ಕ್ಲಬ್ಬುಗಳ ಇಸ್ತ್‌ಮಿಯನ್ ಲೀಗ್ 1973ರಲ್ಲೇ ತಂದಿತು, ಫುಟ್‌ಬಾಲ್ ಲೀಗ್ 1981ರಲ್ಲಿ. ಅಂಕ ಸಮವಾದಾಗ ಸ್ಥಾನ ತೀರ್ಮಾನಿಸುವ ಕ್ರಮವೂ ಬದಲಾಗಿದೆ. 1976ರವರೆಗೆ ಫುಟ್‌ಬಾಲ್ ಲೀಗ್‌ನಲ್ಲಿ ಗೋಲು ಸರಾಸರಿ, ಅಂದರೆ ಹೊಡೆದದ್ದನ್ನು ಬಿಟ್ಟುಕೊಟ್ಟದ್ದರಿಂದ ಭಾಗಿಸುವುದು. ಆಮೇಲೆ ಗೋಲು ವ್ಯತ್ಯಾಸ. 60-40 ಇರುವ ತಂಡದ ಸರಾಸರಿ 1.50, 48-30 ಇರುವ ತಂಡದ್ದು 1.60. ಸರಾಸರಿಯಲ್ಲಿ ಎರಡನೆಯದು ಮೇಲೆ, ವ್ಯತ್ಯಾಸದಲ್ಲಿ ಮೊದಲನೆಯದು ಮೇಲೆ. ಹಳೆಯ ಪಟ್ಟಿಯನ್ನು ಎಕ್ಸೆಲ್‌ಗೆ ಹಾಕಿ ಇಂದಿನ ನಿಯಮದಲ್ಲಿ ವಿಂಗಡಿಸಿದರೆ ಕ್ಲಬ್ ಒಂದು ಸ್ಥಾನ ಮೇಲೋ ಕೆಳಗೋ ಹೋಗುವುದು ಹೀಗೆ. ಆಯಾ ಲೀಗಿನ ಆಯಾ ವರ್ಷದ ನಿಯಮ ಪುಸ್ತಕವೇ ಪ್ರಮಾಣ.

ಯಾವುದು ಲೆಕ್ಕಕ್ಕೆ, ಯಾವುದು ಲೆಕ್ಕಕ್ಕಿಲ್ಲ ಅನ್ನುವುದನ್ನು ಮೊದಲೇ ಬರೆದಿಟ್ಟುಕೊಂಡು ಕೊನೆಯವರೆಗೂ ಅದನ್ನೇ ಪಾಲಿಸಬೇಕು. ಅರ್ಧಕ್ಕೆ ನಿಂತ ಪಂದ್ಯ ನನ್ನ ಪಟ್ಟಿಯಲ್ಲಿ ಇರುತ್ತದೆ, ಆಟಗಾರನ ಒಟ್ಟು ಪಂದ್ಯಗಳಿಗೆ ಸೇರುವುದಿಲ್ಲ. ಸ್ನೇಹಪಂದ್ಯ ಬೇರೆಯೇ ಶೀಟಿನಲ್ಲಿ. ಋತುವಿನ ನಡುವೆ ಲೀಗ್ ಬಿಟ್ಟುಹೋದ ತಂಡದ ಮೇಲೆ ಆಡಿದ್ದನ್ನು ಲೀಗಿನವರು ಅಳಿಸಿಹಾಕುತ್ತಾರೆ, ಆದರೆ ಆಟಗಾರ ಓಡಿದ್ದು ಸುಳ್ಳಾಗುವುದಿಲ್ಲ. ಹಾಗಾಗಿ 'ಅಳಿಸಿದ್ದು' ಅಂತ ಒಂದು ಅಂಕಣ. 1939ರ ಸೆಪ್ಟೆಂಬರಿನಲ್ಲಿ ಯುದ್ಧ ಘೋಷಣೆಯಾದಾಗ ನಿಂತುಹೋದ ಋತುವಿನ ಪಂದ್ಯಗಳು ಅದರಲ್ಲಿ ಬರುತ್ತವೆ. 2019-20 ಕೂಡ. 2020ರ ಮಾರ್ಚಿನಲ್ಲಿ ಕೊರೊನಾದಿಂದಾಗಿ ಇಂಗ್ಲೆಂಡಿನ ನಾನ್-ಲೀಗ್ (ಫುಟ್‌ಬಾಲ್ ಲೀಗಿನ ಕೆಳಗಿನ ಲೀಗ್‌ಗಳ) ಏಣಿಯ ಮೂರನೇ ಮೆಟ್ಟಿಲಿನಿಂದ ಕೆಳಗಿನ ಲೀಗ್‌ಗಳ ಇಡೀ ಋತುವಿನ ಫಲಿತಾಂಶವನ್ನೇ ತೆಗೆದುಹಾಕಿದರು. ಬಡ್ತಿಯ ಹೊಸ್ತಿಲಲ್ಲಿದ್ದ ಕ್ಲಬ್ಬುಗಳಿಗೆ ಅದು ಎಂಥ ಪೆಟ್ಟು ಅನ್ನುವುದು ಆ ಅಂಕಣದಲ್ಲಿರುವ ಗೆಲುವುಗಳನ್ನು ಎಣಿಸಿದರೆ ಗೊತ್ತಾಗುತ್ತದೆ.

ಸ್ಥಾಪನೆಯ ಇಸವಿಯ ಜಗಳಕ್ಕೆ ಇಳಿಯಲೇಬೇಕಾಗುತ್ತದೆ. ಶೆಫೀಲ್ಡ್ ಎಫ್‌ಸಿಗೆ 1857 ಅನ್ನಲು ದಾಖಲೆಗಳಿವೆ, ಸಣ್ಣ ಊರಿನ ಬಹುತೇಕ ಕ್ಲಬ್ಬುಗಳಿಗೆ ಹುಟ್ಟಿದ ದಿನದ ಕಾಗದವೇ ಇರುವುದಿಲ್ಲ. ಆಗ ವಾರ್ಷಿಕ ಸಭೆಯ ಸುದ್ದಿ ಹುಡುಕಬೇಕು. 1893ರ ಬೇಸಿಗೆಯಲ್ಲಿ 'ಮೂರನೇ ವಾರ್ಷಿಕ ಸಭೆ' ನಡೆಯಿತು ಅಂದರೆ ಕ್ಲಬ್ ಶುರುವಾದದ್ದು 1890ರ ಸುಮಾರಿಗೆ. ಲಾಂಛನದ ಮೇಲೆ ಇನ್ನೂ ಹಿಂದಿನ ಇಸವಿ ಇದ್ದರೆ ಅದು ಬಹುತೇಕ ಅದೇ ಊರಿನ ಬೇರೊಂದು ತಂಡದ್ದು, ಚರ್ಚಿನದ್ದೋ ಕ್ರಿಕೆಟ್ ಕ್ಲಬ್ಬಿನದ್ದೋ. ಸಾಲದಲ್ಲಿ ಮುಳುಗಿ ಮುಚ್ಚಿ, ಬೇರೆ ಹೆಸರಿನಲ್ಲಿ ಮತ್ತೆ ತೆರೆದ ಕ್ಲಬ್ ಹಳೆಯದೇ ಹೌದೋ ಅಲ್ಲವೋ? ನಾನು ನಾಲ್ಕು ಸಂಗತಿ ನೋಡುತ್ತೇನೆ: ಸಮಿತಿಯ ಜನ, ಮೈದಾನ, ಲೀಗಿನಲ್ಲಿನ ಜಾಗ, ಹಳೆಯ ಸಾಲ. ಇವುಗಳಲ್ಲಿ ಸಾಲವೇ ಗಟ್ಟಿ ಸಾಕ್ಷಿ. ಹಳೆಯ ಸಾಲ ತೀರಿಸುವ ಹೊಣೆ ಹೊತ್ತಿದ್ದರೆ ಅದೇ ಕ್ಲಬ್, ಕೈ ತೊಳೆದುಕೊಂಡಿದ್ದರೆ ಹೊಸದು. ಬಣ್ಣ, ಅಡ್ಡಹೆಸರುಗಳನ್ನು ಯಾರು ಬೇಕಾದರೂ ಎತ್ತಿಕೊಳ್ಳಬಹುದು, ಅವು ಸಾಕ್ಷಿಯಾಗುವುದಿಲ್ಲ. ಕ್ಲಬ್ ಲಿಮಿಟೆಡ್ ಕಂಪನಿ ಆಗಿದ್ದರೆ ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನ ಬಿಟಿ 31 ಸರಣಿ ನೋಡಬೇಕು. ಮುಚ್ಚಿಹೋದ ಕಂಪನಿಗಳ ಕಡತಗಳು ಅಲ್ಲಿವೆ. ಷೇರುದಾರರ ಪಟ್ಟಿಯಲ್ಲಿ ಅವರವರ ಕಸುಬೂ ಬರೆದಿರುತ್ತದೆ. ಹೆಂಡದಂಗಡಿಯವರೇ ತುಂಬಿದ್ದರೆ ಮೈದಾನ ಆ ಅಂಗಡಿಯ ಹಿತ್ತಿಲಲ್ಲಿ ಯಾಕಿತ್ತು ಅನ್ನುವುದಕ್ಕೆ ಉತ್ತರ ಸಿಕ್ಕಂತೆ.

ಇನ್ನು ಲೆಕ್ಕದ ಪುಸ್ತಕ. ನನ್ನ ಅಭಿಪ್ರಾಯದಲ್ಲಿ ಕ್ಲಬ್ಬಿನ ನಿಜವಾದ ಚರಿತ್ರೆ ಇರುವುದು ಇಲ್ಲಿ. ಒಂದು ತವರು ಪಂದ್ಯದ ಪುಟ ಹೀಗಿರುತ್ತದೆ ಅಂದುಕೊಳ್ಳಿ: ಎಡಗಡೆ ಗೇಟ್, 14 ಪೌಂಡ್ 3 ಷಿಲಿಂಗ್ 6 ಪೆನ್ಸ್. ಬಲಗಡೆ ರೆಫರಿ, ಲೈನ್ಸ್‌ಮನ್, ಪೊಲೀಸ್, ಗೇಟ್ ಕಾಯುವವರು, ಗೆರೆ ಹಾಕುವ ಸುಣ್ಣ, ಎದುರಾಳಿಗಳ ಚಹಾ, ಆಟಗಾರರು. 1971ರ ಫೆಬ್ರವರಿಗೆ ಮೊದಲಿನ ಲೆಕ್ಕವಾದ್ದರಿಂದ ಪೌಂಡಿಗೆ 20 ಷಿಲಿಂಗ್, ಷಿಲಿಂಗಿಗೆ 12 ಪೆನ್ಸ್. ಒಟ್ಟು 3402 ಪೆನ್ಸ್. ಪ್ರವೇಶ ಆರು ಪೆನ್ಸ್ ಆಗಿದ್ದರೆ 567 ಜನ. ಅದರಲ್ಲಿ ನೂರು ಮಂದಿ ಅರ್ಧ ದರದ ಹುಡುಗರಿದ್ದರೆ 617. ಋತುವಿನ ಟಿಕೆಟ್ ಇಟ್ಟುಕೊಂಡವರು, ಬೇಲಿ ಹಾರಿದವರು ಇದರಲ್ಲಿಲ್ಲ. ಪತ್ರಿಕೆ ಆ ದಿನ 'ಸುಮಾರು 1500 ಜನ' ಅಂದಿರುತ್ತದೆ. ಎರಡು ಅಂಕಣ ಬೇಕು ಅಂದದ್ದು ಇದಕ್ಕೇ. ಪುಸ್ತಕದಲ್ಲಿ ಎರಡನ್ನೂ ಕೊಟ್ಟು, ಯಾವುದು ಪತ್ರಿಕೆಯ ಅಂದಾಜು, ಯಾವುದು ಹಣದಿಂದ ತೆಗೆದ ಲೆಕ್ಕ ಅಂತ ಗುರುತು ಹಾಕುತ್ತೇನೆ. 1916ರಲ್ಲಿ ಮನರಂಜನಾ ತೆರಿಗೆ ಬಂದ ಮೇಲೆ ಗೇಟ್ ಮೊತ್ತ ತೆರಿಗೆ ಸೇರಿದ್ದೋ ಕಳೆದದ್ದೋ ಅನ್ನುವುದನ್ನು ಮೊದಲು ತಿಳಿಯಬೇಕು. ಬಲಗಡೆ ತೆರಿಗೆ ಅಂತ ಪ್ರತ್ಯೇಕ ಖರ್ಚು ಕಂಡರೆ ಎಡಗಡೆಯದು ತೆರಿಗೆ ಸೇರಿದ ಮೊತ್ತ.

ಬಲಗಡೆಯ ಕೊನೆಯ ಬಾಬು, 'ಆಟಗಾರರು', ಎಲ್ಲಕ್ಕಿಂತ ಹೆಚ್ಚು ಹೇಳುತ್ತದೆ. ಇಂಗ್ಲೆಂಡಿನಲ್ಲಿ 1885ರಲ್ಲಿ ಹಣ ಪಡೆದು ಆಡುವುದು ಕಾನೂನುಬದ್ಧವಾಯಿತು. ಆದರೂ ಸಣ್ಣ ಕ್ಲಬ್ಬುಗಳ ಬಹುದೊಡ್ಡ ಪಾಲು ಕಾಗದದ ಮೇಲೆ ಹವ್ಯಾಸಿಯಾಗಿಯೇ ಉಳಿಯಿತು, ಇಂಗ್ಲೆಂಡಿನ ಫುಟ್‌ಬಾಲ್ ಆಡಳಿತ ಸಂಸ್ಥೆಯಾದ ಎಫ್‌ಎ ಈ ವ್ಯತ್ಯಾಸವನ್ನು ತೆಗೆದುಹಾಕಿದ್ದು 1974ರಲ್ಲಿ. ಅಲ್ಲಿಯವರೆಗೆ ಇಂಥ ಕ್ಲಬ್ಬಿನ ಪುಸ್ತಕದಲ್ಲಿ 'ಸಂಬಳ' ಅನ್ನುವ ಪದ ಹುಡುಕಿದರೆ ಸಿಗದು. 'ಪ್ರಯಾಣ ವೆಚ್ಚ' ಅಂತ ಇರುತ್ತದೆ. ತವರಿನ ಪಂದ್ಯಕ್ಕೆ, ಮೈದಾನದ ಪಕ್ಕದ ಬೀದಿಯಲ್ಲೇ ಮನೆ ಇರುವ ಆಟಗಾರನಿಗೂ ಪ್ರಯಾಣ ವೆಚ್ಚ! ಪಂದ್ಯ ಮುಗಿದ ಮೇಲೆ ಬೂಟಿನೊಳಗೆ ನಾಣ್ಯ ಹಾಕಿಡುತ್ತಿದ್ದರು ಅನ್ನುವ ಮಾತು ಆ ಕಾಲದ ಆಟಗಾರರ ಬಾಯಲ್ಲಿ ಬರುತ್ತದೆ, ಪುಸ್ತಕದಲ್ಲಿ ಅದರ ನೆರಳು ಈ ಬಾಬು. ಪರೀಕ್ಷಿಸುವುದು ಹೇಗೆ? ರೈಲು ದರ ಗೊತ್ತಿರುವ ಹೊರಗಿನ ಪಂದ್ಯವೊಂದನ್ನು ತೆಗೆದುಕೊಂಡು, ಹನ್ನೊಂದು ಟಿಕೆಟಿನ ಮೊತ್ತ ಕಳೆದು ನೋಡಬೇಕು. ವಾರವಾರವೂ ಸಮ ಮೊತ್ತ ಉಳಿದರೆ ಅದು ಸಂಬಳವೇ. ಆದರೆ ಯಾವ ಆಟಗಾರನಿಗೆ ಎಷ್ಟು ಅನ್ನುವುದನ್ನು ನಾವು ಬರೆಯುವ ಚರಿತ್ರೆಯಲ್ಲಿ ಹಾಕುವಾಗ, ಅವನ ಮನೆಯವರು ಇನ್ನೂ ಅದೇ ಊರಿನಲ್ಲಿದ್ದಾರೆ ಅನ್ನುವುದು ನೆನಪಿರಲಿ. ನಾನು ಒಟ್ಟು ಮೊತ್ತವನ್ನಷ್ಟೇ ಕೊಟ್ಟೆ.

ಗೇಟ್ ಹಣದಿಂದ ಕ್ಲಬ್ ನಡೆದದ್ದು ಕಡಿಮೆ. ಎಡಗಡೆಯ ಉಳಿದ ಬಾಬುಗಳನ್ನು ದಶಕಕ್ಕೊಂದರಂತೆ ಜೋಡಿಸಿದರೆ ಅದು ಕಾಣುತ್ತದೆ: ಇಸ್ಪೀಟಿನ ಕೂಟ, ಹಳೆಬಟ್ಟೆ ಮಾರಾಟ, ಅಭಿಮಾನಿಗಳ ಸಂಘದ ದೇಣಿಗೆ, ಆಮೇಲೆ 1956ರ ಸಣ್ಣ ಲಾಟರಿಗಳ ಕಾಯ್ದೆಯ ನಂತರ ವಾರದ ಲಾಟರಿ, ಆಮೇಲೆ ಕ್ಲಬ್ಬಿನ ಬಾರು. 1962-63ರ ಚಳಿಗಾಲವನ್ನು ಈ ಪುಸ್ತಕದಲ್ಲಿ ನೋಡಬೇಕು. ಡಿಸೆಂಬರ್ ಕೊನೆಯಿಂದ ಮಾರ್ಚಿನವರೆಗೆ ದೇಶವೇ ಹೆಪ್ಪುಗಟ್ಟಿತ್ತು. ಪಂದ್ಯವಿಲ್ಲ, ಗೇಟ್ ಇಲ್ಲ, ಖರ್ಚು ಮಾತ್ರ ನಿಲ್ಲಲಿಲ್ಲ. ಅಭಿಮಾನಿಗಳ ಲಾಟರಿ ಇದ್ದ ಕ್ಲಬ್ಬಿಗೂ ಇಲ್ಲದ ಕ್ಲಬ್ಬಿಗೂ ಆ ವರ್ಷ ದಾರಿಗಳೇ ಬೇರೆಯಾದವು.

ಸಮಿತಿಯ ನಡಾವಳಿ ಪುಸ್ತಕ ಸಿಕ್ಕರೆ ಪಂದ್ಯದ ಸುದ್ದಿಗಾಗಿ ಓದಬೇಡಿ, ಅದರಲ್ಲಿ ಆಟದ ಮಾತೇ ಇರುವುದಿಲ್ಲ. ಗುತ್ತಿಗೆ, ಬಾಡಿಗೆ, ಬೇಲಿ, ಚರಂಡಿ, ಇಷ್ಟೇ. ಮೈದಾನವನ್ನು ಬೇರೊಬ್ಬರಿಗೆ ಬಿಟ್ಟುಕೊಟ್ಟ ನಿರ್ಣಯಗಳನ್ನು ಮಾತ್ರ ಬಿಡದೆ ಗುರುತು ಹಾಕಿಕೊಳ್ಳಿ. 1920-21ರಲ್ಲಿ ಮಹಿಳಾ ತಂಡಗಳ ಸಹಾಯಾರ್ಥ ಪಂದ್ಯಗಳಿಗೆ ಜನ ಮುಗಿಬೀಳುತ್ತಿದ್ದರು. 1920ರ ಡಿಸೆಂಬರ್ 26ರಂದು ಲಿವರ್‌ಪೂಲಿನ ಗುಡಿಸನ್ ಪಾರ್ಕ್‌ನಲ್ಲಿ 'ಡಿಕ್, ಕೆರ್' ಅನ್ನುವ ಕಾರ್ಖಾನೆಯ ಮಹಿಳಾ ತಂಡದ ಪಂದ್ಯಕ್ಕೆ 53,000 ಜನ ಸೇರಿದ್ದರು. 1921ರ ಡಿಸೆಂಬರಿನಲ್ಲಿ ಎಫ್‌ಎ ತನ್ನ ಸದಸ್ಯ ಕ್ಲಬ್ಬುಗಳ ಮೈದಾನದಲ್ಲಿ ಮಹಿಳೆಯರ ಪಂದ್ಯ ನಡೆಸಬಾರದು ಅಂದಿತು, ಅದು ಐವತ್ತು ವರ್ಷ ನಡೆಯಿತು. ಸಣ್ಣ ಊರಿನ ಎಷ್ಟೋ ಚರಿತ್ರೆಗಳಲ್ಲಿ ಈ ಪುಟವೇ ಇಲ್ಲ, ಯಾಕೆಂದರೆ ಬರೆದವರು ತಮ್ಮ ತಂಡದ ಪಂದ್ಯಗಳನ್ನಷ್ಟೇ ಹುಡುಕಿದರು, ಮೈದಾನದಲ್ಲಿ ನಡೆದದ್ದನ್ನಲ್ಲ.

ಮೈದಾನಕ್ಕೆ ಬ್ರಿಟನ್ನಿನ ನಕ್ಷೆ ಇಲಾಖೆಯಾದ ಆರ್ಡ್‌ನೆನ್ಸ್ ಸರ್ವೆಯ, ಮೈಲಿಗೆ 25 ಇಂಚಿನ ನಕ್ಷೆಗಳು ಸಾಕು. ನ್ಯಾಷನಲ್ ಲೈಬ್ರರಿ ಆಫ್ ಸ್ಕಾಟ್‌ಲ್ಯಾಂಡ್ ಅವನ್ನು ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದೆ, ಇಂಗ್ಲೆಂಡಿನವೂ ಇವೆ. ಎರಡು ಪರಿಷ್ಕರಣೆಗಳ ನಡುವೆ ಸ್ಟ್ಯಾಂಡ್ ಹುಟ್ಟಿದ್ದು, ಮೈದಾನ ತಿರುಗಿದ್ದು ಕಾಣುತ್ತದೆ. ಮರದ ಸ್ಟ್ಯಾಂಡ್ 1980ರ ದಶಕದಲ್ಲಿ ಇದ್ದಕ್ಕಿದ್ದಂತೆ ಮುಚ್ಚಿದ್ದರೆ ಕಾರಣವನ್ನು ಕ್ಲಬ್ಬಿನಲ್ಲಿ ಹುಡುಕಬೇಡಿ. 1985ರ ಮೇ 11ರಂದು ಬ್ರಾಡ್‌ಫರ್ಡ್ ಮೈದಾನದ ಮರದ ಸ್ಟ್ಯಾಂಡಿಗೆ ಬಿದ್ದ ಬೆಂಕಿಯ ನಂತರ, ಕ್ರೀಡಾ ಸ್ಥಳಗಳ ಸುರಕ್ಷತೆಗೆ ಬಂದ 1987ರ ಕಾಯ್ದೆಯ ಮೂಲಕ, ಸ್ಥಳೀಯ ಆಡಳಿತದ ಅಗ್ನಿ ಸುರಕ್ಷತೆಯ ಕಡತಗಳಲ್ಲಿ ಉತ್ತರ ಸಿಗುತ್ತದೆ. ಮೈದಾನದ ದರ್ಜೆ ಆಟದ ಫಲವನ್ನೇ ತಿಂದುಹಾಕಿದ್ದೂ ಇದೆ. 1994ರಲ್ಲಿ ಕಿಡರ್‌ಮಿನ್‌ಸ್ಟರ್, 1995ರಲ್ಲಿ ಮ್ಯಾಕಲ್ಸ್‌ಫೀಲ್ಡ್, 1996ರಲ್ಲಿ ಸ್ಟೀವನೇಜ್, ಮೂರೂ ಫುಟ್‌ಬಾಲ್ ಲೀಗಿನ ಒಂದು ಮೆಟ್ಟಿಲು ಕೆಳಗಿನ ಕಾನ್ಫರೆನ್ಸ್ ಲೀಗ್ ಗೆದ್ದು, ಮೈದಾನ ಸಾಲದು ಅನ್ನುವ ಕಾರಣಕ್ಕೆ ಫುಟ್‌ಬಾಲ್ ಲೀಗಿಗೆ ಏರಲಿಲ್ಲ. ಕೆಳಗಿನ ಮೆಟ್ಟಿಲುಗಳಲ್ಲೂ ಇದೇ ಕಥೆ, ಆದರೆ ಅಲ್ಲಿ ಅದು ಸುದ್ದಿಯಾಗುವುದಿಲ್ಲ. 'ಎರಡನೇ ಸ್ಥಾನದವರು ಬಡ್ತಿ ಪಡೆದರು' ಅನ್ನುವ ಒಂದು ಸಾಲು ಕಂಡರೆ ಮೊದಲ ಸ್ಥಾನದವರ ಮೈದಾನದ ಕಡೆ ನೋಡಿ.

ತಂಡದ ಚಿತ್ರಗಳಲ್ಲಿ ಹಿಂಬದಿಯ ಬರಹವನ್ನು ನಂಬುವ ಮೊದಲು ಮುಂಬದಿಯ ಚೆಂಡು ನೋಡಬೇಕು. ನಾಯಕನ ಕಾಲಬುಡದ ಚೆಂಡಿನ ಮೇಲೆ ಬಿಳಿ ಬಣ್ಣದಲ್ಲಿ ಋತು ಬರೆಯುವ ಪದ್ಧತಿ ಇತ್ತು. ಹಿಂಬದಿಯ ಹೆಸರುಗಳನ್ನು ಬಹಳ ಸಲ ದಶಕಗಳ ನಂತರ ನೆನಪಿನಿಂದ ಬರೆದಿರುತ್ತಾರೆ. ಇಸವಿ ಗೊತ್ತಾದರೆ ಪಂದ್ಯದ ಪಟ್ಟಿಯಿಂದ ಆ ಋತುವಿನಲ್ಲಿ ಹೆಚ್ಚು ಆಡಿದ ಹದಿನೈದು ಜನರ ಹೆಸರು ತೆಗೆದು ಮುಖಗಳಿಗೆ ಹೊಂದಿಸುವುದು ಸುಲಭ. ಗೋಲ್‌ಕೀಪರನ ಜೆರ್ಸಿ ಬೇರೆ ಇರುವುದರಿಂದ ಅವನಿಂದ ಶುರುಮಾಡಿ. ಚಿತ್ರ ಕ್ಲಬ್ಬಿನಲ್ಲಿದ್ದ ಮಾತ್ರಕ್ಕೆ ಅದರ ಹಕ್ಕು ಕ್ಲಬ್ಬಿನದ್ದಲ್ಲ. ತೆಗೆದ ಸ್ಟುಡಿಯೋದ ಮುದ್ರೆ ಇದ್ದರೆ ವಿಚಾರಿಸಿಯೇ ಅಚ್ಚಿಗೆ ಕೊಡಬೇಕು.

ಹಳೆಯ ಆಟಗಾರರನ್ನು ಮಾತಾಡಿಸುವುದನ್ನು ನಾನು ಪಟ್ಟಿ ಮುಗಿದ ಮೇಲೆ ಇಟ್ಟುಕೊಳ್ಳುತ್ತೇನೆ. ಎಷ್ಟು ಗೋಲು ಹೊಡೆದಿರಿ ಅಂತ ಕೇಳಬಾರದು, ಆ ಉತ್ತರ ಪ್ರತಿ ವರ್ಷ ಬೆಳೆಯುತ್ತದೆ. ಒಂದು ಪಂದ್ಯದ ಹನ್ನೊಂದು ಹೆಸರಿನ ಸಾಲನ್ನು ಕೈಗೆ ಕೊಟ್ಟು, ಇವರಲ್ಲಿ ಯಾರು ಎಲ್ಲಿ ಕೆಲಸಕ್ಕಿದ್ದರು, ಬುಧವಾರದ ಹೊರಗಿನ ಪಂದ್ಯಕ್ಕೆ ರಜೆ ಹೇಗೆ ಸಿಗುತ್ತಿತ್ತು, ಯಾರ ವ್ಯಾನಿನಲ್ಲಿ ಹೋಗುತ್ತಿದ್ದಿರಿ ಅಂತ ಕೇಳಬೇಕು. ಪಟ್ಟಿಯಲ್ಲಿ ವಾರದ ನಡುವಿನ ಪಂದ್ಯಗಳಿಗೆ ಮಾತ್ರ ಗೈರಾಗುವ ಆಟಗಾರ ಪಾಳಿ ಕೆಲಸದವನು ಅನ್ನುವುದು ಆಗ ತಿಳಿಯುತ್ತದೆ. ಮಾತನ್ನು ಧ್ವನಿಮುದ್ರಿಸಲು ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಸ್ಕೋರಿಗೆ, ದಿನಾಂಕಕ್ಕೆ ಈ ಮಾತುಗಳನ್ನು ಆಧಾರ ಮಾಡಬೇಡಿ. ಡ್ರೆಸಿಂಗ್ ರೂಮಿಗೆ, ದುಡ್ಡಿಗೆ, ಮ್ಯಾನೇಜರನ ಬೈಗುಳಕ್ಕೆ ಇವಕ್ಕಿಂತ ಬೇರೆ ಆಧಾರ ಇಲ್ಲ.

ಅಚ್ಚಿಗೆ ಹೋಗುವಾಗ ಅಂಕಿಅಂಶದ ಪುಟಗಳಲ್ಲಿ ಎರಡು ಗುರುತುಗಳನ್ನು ಬೇರೆ ಬೇರೆ ಇಡಬೇಕು. ಅಡ್ಡಗೆರೆ ಅಂದರೆ ಇಲ್ಲ: ಬದಲಿ ಆಟಗಾರ ಇಳಿಯಲಿಲ್ಲ, ಗೋಲು ಆಗಲಿಲ್ಲ. ಪ್ರಶ್ನಾರ್ಥಕ ಚಿಹ್ನೆ ಅಂದರೆ ಸಿಕ್ಕಿಲ್ಲ. ಎರಡಕ್ಕೂ ಖಾಲಿ ಜಾಗ ಬಿಟ್ಟರೆ ಮುಂದೆ ಈ ಕೆಲಸ ಮುಂದುವರಿಸುವವರಿಗೆ ಎಲ್ಲಿ ಹುಡುಕಬೇಕು ಅನ್ನುವುದು ತಿಳಿಯದು. ಪ್ರಾಯೋಜಕರ ಹೆಸರು ಅಂಟಿದ ಲೀಗ್‌ಗಳಿಗೆ ಮೂಲ ಹೆಸರನ್ನೇ ಬಳಸಿ, ಇಲ್ಲದಿದ್ದರೆ ಒಂದೇ ಲೀಗ್ ಸೂಚಿಯಲ್ಲಿ ಐದು ಕಡೆ ಬರುತ್ತದೆ. ಪುಸ್ತಕ ಹೊರಬಂದ ಒಂದು ತಿಂಗಳೊಳಗೆ ಬ್ರಿಟಿಷ್ ಲೈಬ್ರರಿಗೆ ಒಂದು ಪ್ರತಿ ಕೊಡುವುದು ಅಲ್ಲಿ ಕಾನೂನು. ಕೌಂಟಿ ದಾಖಲೆ ಕಚೇರಿಗೂ ಒಂದು ಕೊಡಿ, ಅದರ ಜೊತೆ ಎಕ್ಸೆಲ್ ಫೈಲನ್ನೂ, ಆಧಾರದ ಎರಡು ಅಂಕಣಗಳನ್ನು ತೆಗೆಯದೆ.